ರಿಪೇರಿ ಮಾಡಿದವರು ಬಟನ್ ಒತ್ತಬಾರದು

ನಾನು ಈಗ ಓದುತ್ತಿರುವ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿರುವುದು ಡ್ರೋನಿನ ಒಂದು ಪ್ರೊಪೆಲರ್. ಕಪ್ಪು ಪ್ಲಾಸ್ಟಿಕ್ಕಿನದು, ಗೇಣಿಗಿಂತ ಚಿಕ್ಕದು, ನಡುವೆ ಒಂದು ತೂತು, ಎರಡೂ ಕಡೆಗೆ ಒಂದೊಂದು ರೆಕ್ಕೆ. ಒಂದು ರೆಕ್ಕೆಯ ತುದಿ ಮುಕ್ಕಾಗಿದೆ, ಇನ್ನೊಂದರ ಮೇಲೆ ಕುಂಕುಮದ ಕಲೆ ಇದೆ. ಪುಟದ ಗುರುತಿಗೆ ಇದಕ್ಕಿಂತ ಕೆಟ್ಟ ವಸ್ತು ಸಿಗಲಾರದು. ಪುಸ್ತಕ ಮುಚ್ಚಿದರೆ ನಡುವೆ ಉಬ್ಬಿಕೊಂಡು ನಿಲ್ಲುತ್ತದೆ, ಬೆನ್ನಿನ ಅಂಟು ಬಿಡುತ್ತಿದೆ. ಮನೆಯಲ್ಲಿ ಹಳೆಯ ಬಸ್ ಟಿಕೀಟುಗಳಿವೆ, ಯಾರೋ ಕೊಟ್ಟ ನವಿಲುಗರಿ ಇದೆ. ಆದರೂ ಇದನ್ನು ತೆಗೆದಿಲ್ಲ. ನಿಜ ಹೇಳಬೇಕೆಂದರೆ ದಸರೆಯಿಂದ ಈಚೆಗೆ ನಾನು ಅದೇ ಪುಟದಲ್ಲೇ ಇದ್ದೇನೆ.

ಆಫೀಸಿನ ಗೆಳತಿ ಸಹನಾ ಮನೆಗೆ ಬಂದಾಗ ಅದನ್ನು ನೋಡಿ, "ಏನೇ ಇದು, ಪುಸ್ತಕಾನೂ ಹಾರ್ಸೋ ಪ್ಲಾನಾ?" ಎಂದಳು. ಅವಳು ಮೈಸೂರಿನವಳು, ಮೌನವನ್ನು ಎರಡು ನಿಮಿಷಕ್ಕಿಂತ ಹೆಚ್ಚು ತಾಳಲಾರಳು. ನಾನು ನಕ್ಕು ಚಹಾ ಮಾಡಲು ಒಳಗೆ ಹೋದೆ. ಯಾರಾದರೂ ನನ್ನ ಸ್ವಂತದ ವಿಷಯ ಕೇಳಿದರೆ ನಾನು ಚಹಾ ಮಾಡಲು ಹೋಗುತ್ತೇನೆ. ನಮ್ಮ ಮನೆಯಲ್ಲಿ ಚಹಾಪುಡಿ ಬೇಗ ಮುಗಿಯುವುದು ಇದರಿಂದಲೇ.

ನನ್ನ ಹೊಟ್ಟೆಪಾಡಿನ ಕೆಲಸ ನಡುಕ ಹುಡುಕುವುದು. ಕಾರು ಒಂದು ವೇಗಕ್ಕೆ ಬಂದಾಗ ಸ್ಟೀರಿಂಗ್ ಯಾಕೆ ನಡುಗುತ್ತದೆ, ಹಿಂದೆ ಕೂತವರ ಪಾದಕ್ಕೆ ಜುಮ್ಮೆನ್ನುವುದು ಎಲ್ಲಿಂದ ಹೊರಟು ಬರುತ್ತದೆ ಎಂಬುದನ್ನು ಅಲ್ಲಲ್ಲಿ ಸೆನ್ಸರ್ ಅಂಟಿಸಿ ಅಳೆಯುತ್ತೇನೆ. ಅವ್ವ ಬಳಗದವರ ಮುಂದೆ ಇದನ್ನು "ಗಾಡಿ ನಡಗೂದನ್ನ ನೋಡತಾಳ್ರಿ" ಎಂದು ವಿವರಿಸುತ್ತಾಳೆ. ಅವರು, "ಹೌದ? ಅದಕ್ಕೂ ಪಗಾರ ಕೊಡತಾರೇನ್ರಿ?" ಎಂದು ಕೇಳುತ್ತಾರೆ. ಕೊಡುತ್ತಾರೆ. ಇಂಥ ಕೆಲಸ ಮಾಡುವವಳಿಗೆ ತನ್ನ ಮನೆಯ ನಡುಕ ಎಲ್ಲಿಂದ ಹೊರಟಿದೆ ಎಂದು ತಿಳಿಯಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಮಾತ್ರ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಸಹನಾಗೆ ಗೊತ್ತು, ಯಾಕೆಂದರೆ ಅವಳು ಅಲ್ಲೇ ಇದ್ದಳು.

ಅಪ್ಪ ವಿಜಯಪುರದ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಪುಣೆಗೆ ಬಂದು, ಶಿವಾಜಿನಗರದ ಒಂದು ಲಾರಿ ಸಾಗಣೆ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ನಿವೃತ್ತರಾದರು. ಅಲ್ಲೇ ಹಿಂದಿನ ಗಲ್ಲಿಯಲ್ಲಿ ನಮ್ಮ ಎರಡು ಕೋಣೆಯ ಬಾಡಿಗೆ ಮನೆ. ಆಫೀಸಿನಿಂದ ಬಂದ ಅಪ್ಪ ಕೈಕಾಲು ತೊಳೆದು ಅಂಗಿ ಕಳಚುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ಒಬ್ಬರು ಇಸ್ತ್ರಿಪೆಟ್ಟಿಗೆಯನ್ನೋ ಟೇಬಲ್ ಫ್ಯಾನನ್ನೋ ಹಸುಗೂಸಿನ ಹಾಗೆ ಎತ್ತಿಕೊಂಡು ನಿಂತಿರುತ್ತಿದ್ದರು. ಅಪ್ಪ ಈ ವಿದ್ಯೆಯನ್ನು ಯಾರ ಹತ್ತಿರವೂ ಕಲಿತಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟಾರಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೇಳಿ, "ಬೇರಿಂಗ್ ಅಳಲಿಕತ್ತದ" ಎನ್ನುತ್ತಿದ್ದರು. ನಾನೂ ಹಾಗೆ ಕಿವಿ ಇಟ್ಟಿದ್ದೇನೆ. ನನಗೆ ಗರ್ ಎಂದು ಮಾತ್ರ ಕೇಳುತ್ತಿತ್ತು. ಸುಳ್ಳುಸುಳ್ಳೇ "ಹೂಂ, ಅಳಲಿಕತ್ತದ" ಎನ್ನುತ್ತಿದ್ದೆ.

ಅಪ್ಪನ ರಿಪೇರಿಗಳೆಲ್ಲ ಸರಿಹೋಗುತ್ತಿದ್ದವು ಎಂದು ತಿಳಿಯಬೇಡಿ. ಪಕ್ಕದ ಮನೆಯ ಕಾಕೂ ಒಮ್ಮೆ ಮಿಕ್ಸರ್ ತಂದುಕೊಟ್ಟಿದ್ದರು. ಅಪ್ಪ ಬಿಚ್ಚಿ, ಜೋಡಿಸಿ, ತಾವೇ ಗುಂಡಿ ಒತ್ತಿ ನೋಡಿದರು. ಸ್ವಲ್ಪ ನಡುಗಿತು. "ಇಷ್ಟ ಇರೂದ" ಎಂದು ತಾವೇ ಮಾಫಿ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಒಂದು ಸದ್ದು, ಅದರ ಹಿಂದೆಯೇ ಕಾಕೂನ "ಅಗೊ ಬಾಈ!" ಎಂಬ ಕೂಗು. ಓಡಿಹೋಗಿ ನೋಡಿದರೆ ಮಿಕ್ಸರಿನ ಜಾರ್ ಜಿಗಿದು ಕೊತ್ತಂಬರಿ ಚಟ್ನಿ ಇಡೀ ಚಾವಣಿಗೆ ಹಾರಿತ್ತು. ಕಾಕೂ ಬೈಯಲಿಲ್ಲ. ಮುಂದಿನ ದೀಪಾವಳಿಗೆ ಸುಣ್ಣ ಬಳಿಯುವವರೆಗೂ ಆ ಹಸಿರು ಕಲೆ ಅಲ್ಲೇ ಇತ್ತು. ಅಪ್ಪ ಅವರ ಮನೆಗೆ ಹೋದಾಗಲೆಲ್ಲ ತಲೆ ತಗ್ಗಿಸಿಕೊಂಡೇ ಮಾತಾಡುತ್ತಿದ್ದರು.

ಆ ಚಟ್ನಿಯಿಂದ ನಮ್ಮ ಮನೆಯಲ್ಲೊಂದು ಕಾಯಿದೆ ಹುಟ್ಟಿತು. ರಿಪೇರಿ ಮಾಡಿದವರು ಬಟನ್ ಒತ್ತಬಾರದು. "ತಾ ಮಾಡಿದ್ದು ತನಗ ಛಲೋನ ಕಾಣತದ" ಎಂಬುದು ಅಪ್ಪನ ವಾದ. ಅಂದಿನಿಂದ ಪರೀಕ್ಷೆಯ ಅಧಿಕಾರ ಅವ್ವನದಾಯಿತು. ಫ್ಯಾನ್ ರಿಪೇರಿಯಾದರೆ ಅವ್ವ ಅದರ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿ, ಸೆರಗು ಸರಿಮಾಡಿಕೊಂಡು, "ಹಚ್ಚರಿ" ಎನ್ನುತ್ತಿದ್ದಳು. ದಯೆ ದಾಕ್ಷಿಣ್ಯ ಇಲ್ಲದ ಪರೀಕ್ಷಕಳು. "ಅಲ್ಲಾಡಲಿಕತ್ತದರಿ." ಅಪ್ಪ ಸ್ಟೂಲು ಹತ್ತಿ ಒಂದು ರೆಕ್ಕೆಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸುತ್ತಿದ್ದರು. "ಇನ್ನೂ ಅದರಿ." ಮತ್ತೊಂದು ತುಂಡು. ಅವ್ವನಿಗೆ ಅಡುಗೆ ಇದ್ದಾಗ ಚಾಪೆಯ ಮೇಲೆ ಮಲಗುವ ಪಾಳಿ ನನಗೆ ಬರುತ್ತಿತ್ತು. ಒಂದು ಸಂಜೆ ಹೊರಗೆ ಗೆಳತಿಯರು ಕರೆಯುತ್ತಿದ್ದರು. ಫ್ಯಾನ್ ಇನ್ನೂ ಓಲಾಡುತ್ತಿತ್ತು. "ಛಲೋ ಅದ ಅಪ್ಪಾ" ಎಂದು ಎದ್ದೆ. ಅಪ್ಪ ಸ್ಟೂಲಿನ ಮೇಲಿಂದಲೇ ನನ್ನನ್ನು ನೋಡಿದರು. "ನೋಡಿ ಹೇಳಿದಿಯೋ, ಆಟಕ್ಕಾಗಿ ಹೇಳಿದಿಯೋ?" ನಾನು ಮತ್ತೆ ಮಲಗಿದೆ.

ನನಗೆ ನೌಕರಿ ಸಿಕ್ಕ ಮೇಲೆ ಊರಂಚಿನ ವಾಕಡದಲ್ಲಿ ಫ್ಲ್ಯಾಟು ಹಿಡಿದು ಮೂವರೂ ಅಲ್ಲಿಗೆ ಬಂದೆವು. ಹೊಸ ಕಟ್ಟಡ, ಹೊಸ ಫ್ಯಾನುಗಳು, ಯಾವುದೂ ಸದ್ದು ಮಾಡುವುದಿಲ್ಲ. ಏನೂ ಕೆಡದ ಆ ಮನೆಯಲ್ಲಿ ಅಪ್ಪನಿಗೆ ಹೊತ್ತೇ ಹೋಗುತ್ತಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದವರ ಏಸಿಯ ಸದ್ದು ಕೇಳಿ, "ಅವರದು ಅಳಲಿಕತ್ತದ ನೋಡು" ಎನ್ನುವರು. ಒಂದು ದಿನ ನಾನೇ ಹೇಳಿದೆ, ಅಪ್ಪಾ, ಒಂದು ಡ್ರೋನ್ ಕಟ್ಟೋಣ. ನಾಲ್ಕು ಮೋಟಾರು, ನಾಲ್ಕು ತೋಳಿನ ಚೌಕಟ್ಟು, ನಡುವೆ ಅದರ ಬುದ್ಧಿ ಇರುವ ಒಂದು ಸಣ್ಣ ಬೋರ್ಡು, ಮುಂದೆ ಕ್ಯಾಮೆರಾ. ಬಿಡಿಭಾಗಗಳು ಬಂದ ದಿನ ಅಪ್ಪ ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ, ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿ, "ಇದು ಪಂಖಾನ ಅಲ್ಲ? ನಾಕ ಪಂಖಾ ಕೂಡಿ ಹಾರತಾವ, ಅಷ್ಟ" ಎಂದರು. ಆಮೇಲೆ ಅವರಿಗೆ ಭಯವೇ ಇರಲಿಲ್ಲ.

ಕಾಯಿದೆ ಇದಕ್ಕೂ ಅನ್ವಯಿಸಿತು. ನಾನು ಜೋಡಿಸುವವಳು, ಅವರು ಹಾರಿಸುವವರು. ಊರೊಳಗೆ ಹಾರಿಸುವಂತಿಲ್ಲವಾದ್ದರಿಂದ ಭಾನುವಾರ ಬೆಳಿಗ್ಗೆ ಶಿವಾಜಿನಗರದಿಂದ ಬಸ್ಸು ಹಿಡಿದು ಶಿರೂರಿನ ಕಡೆ ಹೋಗುತ್ತಿದ್ದೆವು. ಅಪ್ಪನ ಜೊತೆ ಆಫೀಸಿನಲ್ಲಿದ್ದ ಒಬ್ಬರ ಹೊಲ ಅಲ್ಲಿದೆ. ಬೆಳೆ ತೆಗೆದ ಮೇಲೆ ಬಯಲು. ಡಬ್ಬವನ್ನು ಅಪ್ಪ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪಕ್ಕದ ಪ್ರಯಾಣಿಕರು "ಕಾಯ ಆಹೇ ಹೇ?" ಎಂದು ಕೇಳಿದರೆ ಗಂಭೀರವಾಗಿ "ಪಂಖಾ ಆಹೇ" ಎನ್ನುತ್ತಿದ್ದರು. ಅವರು ಹಾರಿಸುವುದನ್ನು ಬೇಗ ಕಲಿತರು. ಡ್ರೋನ್ ಎದೆಯೆತ್ತರಕ್ಕೆ ಎದ್ದು ನಿಂತಾಗ ಅವರ ಮುಖ ನೋಡಬೇಕಿತ್ತು. ಯಾರೂ ಸ್ಟೂಲು ಹತ್ತದೆ, ಚಾವಣಿಯೇ ಇಲ್ಲದ ಕಡೆ ಫ್ಯಾನು ತಿರುಗುತ್ತಿತ್ತು.

ಆ ಸುಖ ದಸರೆಯವರೆಗೆ ಇತ್ತು.

ಖಂಡೇನವಮಿಯ ದಿನ ಅವ್ವ ಮನೆಯ ಚಾಕು, ಕತ್ತರಿ, ನನ್ನ ಲ್ಯಾಪ್‌ಟಾಪು, ಅಪ್ಪನ ಸ್ಕ್ರೂಡ್ರೈವರುಗಳ ಜೊತೆ ಡ್ರೋನನ್ನೂ ಮಣೆಯ ಮೇಲೆ ಕೂಡಿಸಿ ಪೂಜೆ ಮಾಡಿದಳು. ಪ್ರತಿ ರೆಕ್ಕೆಗೂ ಹಸಿ ಕುಂಕುಮ, ಪ್ರತಿ ಮೋಟಾರಿಗೂ ಅರಿಶಿನ ಕುಂಕುಮ, ಮೇಲೊಂದು ಚೆಂಡುಹೂ. ಮುಂದಿನ ಭಾನುವಾರ ಹಾರಿಸಿದರೆ ಅದು ಗ್ರೈಂಡರಿನ ಹಾಗೆ ಕೂಗಿತು. ಕ್ಯಾಮೆರಾದಲ್ಲಿ ಹೊಲವೆಲ್ಲ ನೀರೊಳಗೆ ಮುಳುಗಿದ ಹಾಗೆ ಅಲೆಯಾಡಿತು. ಮನೆಗೆ ತಂದು ಬಿಚ್ಚಿದರೆ ಮೋಟಾರಿನ ಒಳಗಿನ ಆಯಸ್ಕಾಂತಗಳ ಸಂದಿಯಲ್ಲಿ ಕುಂಕುಮದ ಹರಳು.

"ದೇವರ ಕುಂಕುಮಾ ಹಚ್ಚಿದ್ರ ಕೆಡತದೇನ?" ಅವ್ವ ಒಪ್ಪಲಿಲ್ಲ. "ನಿಮ್ಮಪ್ಪನ ಸ್ಕೂಟರಿಗೆ ವರ್ಷಾ ಹಚ್ಚೇನಿ. ಅದು ಎಂದಾರ ನಡಗೇದೇನ?"

"ಅದು ಹಚ್ಚದಿದ್ರೂ ನಡಗತಿತ್ತು," ಎಂದರು ಅಪ್ಪ.

ಹಲ್ಲುಜ್ಜುವ ಬ್ರಶ್ಶಿನಿಂದ ಕುಂಕುಮ ತೆಗೆದೆ. ಪ್ರೊಪೆಲರುಗಳನ್ನು ತೊಳೆದು, ಒಂದೊಂದನ್ನೇ ಸೂಜಿಗೆ ಪೋಣಿಸಿ ತೂಗಿದೆ. ಯಾವ ಬದಿ ಕೆಳಗೆ ಬೀಳುತ್ತದೋ ಅದು ಭಾರ. ಇನ್ನೊಂದು ಬದಿಗೆ ಅಂಟುಪಟ್ಟಿಯ ಚೂರು. ಸೈಕಲ್ ಟ್ಯೂಬಿನ ವಿದ್ಯೆಯೇ. ಆದರೂ ಸದ್ದು ಪೂರ್ತಿ ಹೋಗಲಿಲ್ಲ. ಒಂದು ತೋಳಿನಲ್ಲಿ ಕೂದಲೆಳೆಯಂಥ ಬಿರುಕು ಸಿಕ್ಕಿತು, ತೋಳು ಬದಲಿಸಿದೆ. ಬೋರ್ಡಿಗೆ ಒಂದು ತಂತಿ ತಾಗಿಕೊಂಡು ಮೋಟಾರಿನ ನಡುಕವನ್ನೆಲ್ಲ ಅದಕ್ಕೆ ಮುಟ್ಟಿಸುತ್ತಿತ್ತು, ಬಗ್ಗಿಸಿ ಕಟ್ಟಿದೆ. ಬೋರ್ಡಿನ ಕೆಳಗಿನ ರಬ್ಬರ್ ಗುಂಡಿಗಳನ್ನು ನಾನೇ ಅತಿಯಾಗಿ ಬಿಗಿದಿದ್ದೆ, ಸಡಿಲಿಸಿದೆ. ಬೆಸುಗೆಯ ಕೆಲಸ ಬಂದಾಗ ಅಪ್ಪ, "ನೀನ ಮಾಡು ತಂಗಿ, ನನ್ನ ಚಸ್ಮಾ ಸರಿ ಇಲ್ಲ" ಎಂದರು. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು. ಚಸ್ಮಾ ಹೊಸದಾಗಿತ್ತು. ನಾನು ಬೆಸುಗೆ ಹಾಕಿದೆ, ಬೇರೇನೂ ಯೋಚಿಸಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಕ್ಯಾಮೆರಾದ ಚಿತ್ರ ನಿರ್ಮಲವಾಯಿತು. ಮೋಟಾರುಗಳು ಒಂದೇ ಸ್ವರದಲ್ಲಿ ಹಾಡತೊಡಗಿದವು. ಆದರೆ ಡ್ರೋನ್ ಗಾಳಿಯಲ್ಲಿ ಸುಮ್ಮನೆ ನಿಲ್ಲುತ್ತಿರಲಿಲ್ಲ. ಎಡಕ್ಕೆ ಬಲಕ್ಕೆ ಸಣ್ಣಗೆ, ಬಿಡದೆ ತಡವರಿಸುತ್ತಿತ್ತು. ನಡುಕ ಬೇರೆ, ಓಲಾಟ ಬೇರೆ. ನಡುಕ ಕಿವಿಗೆ ಕೇಳುತ್ತದೆ, ಯಂತ್ರದ ಮೈಯಲ್ಲಿ ಹುಟ್ಟುತ್ತದೆ. ಇದು ಕಣ್ಣಿಗೆ ಕಾಣುವಷ್ಟು ನಿಧಾನ. ಹಾಗಾದರೆ ಅದರ ಬುದ್ಧಿಯಲ್ಲೇ ದೋಷ ಎಂದು ತೀರ್ಮಾನಿಸಿದೆ. ಬಾಗಿದರೆ ಎಷ್ಟು ಜೋರಾಗಿ ನೆಟ್ಟಗಾಗಬೇಕು ಎಂದು ಬೋರ್ಡಿಗೆ ಲ್ಯಾಪ್‌ಟಾಪಿನಿಂದ ಹೇಳಿಕೊಡಬಹುದು. ವಾರವಿಡೀ ಅಂಕಿಗಳನ್ನು ತಿದ್ದುವುದು, ಭಾನುವಾರ ಬಸ್ಸು ಹತ್ತುವುದು, ಅಪ್ಪ ಹಾರಿಸುವುದು, ನಾನು ದೂರದಲ್ಲಿ ಕೈಕಟ್ಟಿ ನಿಂತು ನೋಡುವುದು. ಅವರು ರಿಮೋಟ್ ಕೆಳಗಿಟ್ಟು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, "ಇನ್ನೂ ಅದ ತಂಗಿ" ಎನ್ನುವರು. ಅವರ ಕಾಯಿದೆಯ ಪರೀಕ್ಷೆಯಲ್ಲಿ ನಾನು ಪ್ರತಿ ವಾರ ನಪಾಸಾಗುತ್ತಿದ್ದೆ. ಪರೀಕ್ಷಕರನ್ನು ಪರೀಕ್ಷೆ ಮಾಡಬೇಕೆಂಬ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಬರುವಂತಿರಲಿಲ್ಲ.

ಅದು ಬಂದದ್ದು ಸಹನಾಗೆ. ಒಂದು ಭಾನುವಾರ ಅವಳು ತನ್ನ ಕಾರಿನಲ್ಲಿ ನಮ್ಮನ್ನು ಶಿರೂರಿಗೆ ಕರೆದೊಯ್ದಳು. ಹೊಲದಲ್ಲಿ ಬಿಸಿಲಿಗೆ ದುಪಟ್ಟಾ ತಲೆಗೆ ಸುತ್ತಿಕೊಂಡು ಕೂತು, ಡ್ರೋನಿನ ತಡವರಿಕೆ ನೋಡಿ ನೋಡಿ ಬೇಸತ್ತು, "ಅಂಕಲ್, ಒಂದ್ಸಲ ಅವಳೇ ಹಾರಿಸ್ಲಿ ಬಿಡಿ. ಇಷ್ಟು ದಿನದಿಂದ ಬಿಚ್ಚಿ ಬಿಚ್ಚಿ ಜೋಡಿಸ್ತಿದಾಳೆ, ಪಾಪ ಒಂದು ರೌಂಡೂ ಸಿಕ್ಕಿಲ್ಲ ಅವಳಿಗೆ!" ಎಂದಳು.

"ನಮ್ಮಲ್ಲೆ ಹಂಗ ಇಲ್ಲವ್ವ," ಎಂದು ಅಪ್ಪ ನಕ್ಕರು. "ಮಾಡಿದಾಕಿ ಬಟನ್ ಒತ್ತಂಗಿಲ್ಲ."

"ಅಯ್ಯೋ, ಯಾರು ಮಾಡಿದ್ದು ಈ ರೂಲು?"

"ಚಟ್ನಿ ಮಾಡಿದ್ದು," ಎಂದರು ಅಪ್ಪ. ಅವಳಿಗೆ ಅರ್ಥವಾಗಲಿಲ್ಲ. ಆದರೆ ಅತಿಥಿಯ ಮಾತು ತೆಗೆದುಹಾಕುವುದು ಅವರಿಗೆ ಬಾರದು. ರಿಮೋಟನ್ನು ನನ್ನ ಕೈಗೆ ಕೊಟ್ಟರು.

ಡ್ರೋನ್ ಎದ್ದಿತು. ಎದೆಯೆತ್ತರಕ್ಕೆ ಬಂದು ನಿಂತಿತು. ಮೊಳೆ ಹೊಡೆದು ನಿಲ್ಲಿಸಿದ ಹಾಗೆ ನಿಂತಿತು.

ಸಹನಾ ಚಪ್ಪಾಳೆ ತಟ್ಟಿದಳು. "ವಾವ್! ಫಿಕ್ಸ್ ಆಯ್ತಲ್ಲೇ!"

ನನ್ನ ಹೆಬ್ಬೆರಳುಗಳು ರಿಮೋಟಿನ ಎರಡು ಕಡ್ಡಿಗಳ ಮೇಲೆ ಇದ್ದವು. ಅಪ್ಪನ ಕಡೆ ತಿರುಗಿ ನೋಡಬಾರದು ಎಂದುಕೊಂಡೆ. ನೋಡದೆಯೇ, "ಗಾಳಿ ನಿಂತದ ಅಪ್ಪಾ ಈಗ, ಅದಕ್ಕ" ಎಂದೆ.

ಬದುವಿನ ಮೇಲಿನ ಒಣಹುಲ್ಲು ಒಂದೇ ಕಡೆಗೆ ಬಾಗಿ ಅಲುಗುತ್ತಿತ್ತು. ಅಪ್ಪ ಅದನ್ನು ನೋಡಿ, "ಗಾಳಿ ನಿಂತಿಲ್ಲ" ಎಂದರು. ಆಮೇಲೆ ರಿಮೋಟಿಗೆ ಕೈಚಾಚಿದರು. ಕೊಟ್ಟೆ. ಡ್ರೋನ್ ತಡವರಿಸತೊಡಗಿತು. ಮತ್ತೆ ನನ್ನ ಕೈಗೆ ಕೊಟ್ಟರು. ನಿಂತಿತು. ಅಪ್ಪ ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು, ಮೋಟಾರನ್ನು ನೋಡುವ ಹಾಗೆ ನೋಡಿದರು. ಜೇಬಿಗೆ ಹಾಕಿಕೊಂಡರು.

ಸಹನಾಗೂ ತಿಳಿಯಿತು. ವಾಪಸ್ಸು ಬರುವಾಗ ಅವಳು ಮೊದಲ ಸಲ ದಾರಿಯುದ್ದಕ್ಕೂ ಸುಮ್ಮನಿದ್ದಳು. ವಾಕಡದ ಮನೆಯ ಬಾಗಿಲು ತೆರೆದ ಅವ್ವ, "ಹಾರಿತೇನ್ರಿ?" ಎಂದಳು.

"ಹಾರಿತು," ಎಂದರು ಅಪ್ಪ. "ಡ್ರೋನ್ ಛಲೋ ಅದ."

ಆ ರಾತ್ರಿ ನೆನಪುಗಳು ಒಂದೊಂದಾಗಿ ತಾವಾಗಿಯೇ ಸಾಲಿಗೆ ಬಂದು ನಿಂತವು. ಚಸ್ಮಾದ ನೆಪ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುವುದು. ನಾನು ಅದನ್ನು ಚಳಿಗೆ ಎಂದುಕೊಂಡಿದ್ದೆ. ಅಂಗಿಯ ಗುಂಡಿಗೆ ಹಿಡಿಯುವ ಹೊತ್ತು. ಸೆನ್ಸರನ್ನು ಎಲ್ಲಿ ಅಂಟಿಸಬೇಕು ಎಂದು ನನಗೆ ಕಲಿಸಿದ್ದಾರೆ. ಅದಕ್ಕೆ ಪಗಾರ ಕೊಡುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಕೈ ಹಿಡಿದು ಮಣಿಕಟ್ಟು ತಿರುಗಿಸಿ ನೋಡಿದರು, ಬೆರಳಿಗೆ ಬೆರಳು ತಾಗಿಸಲು ಹೇಳಿದರು, ಕಾರಿಡಾರಿನಲ್ಲಿ ನಡೆಸಿದರು. ಪಾರ್ಕಿನ್‌ಸನ್ ಎಂದರು. ಮಾತ್ರೆ ಇದೆ, ವಾಸಿ ಇಲ್ಲ, ನಿಧಾನವಾಗಿ ಹೋಗುತ್ತದೆ ಎಂದರು. ಏನು ನಿಧಾನವಾಗಿ, ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳಲಿಲ್ಲ. ಯಾವಾಗಿನಿಂದ ಶುರುವಾಯಿತು ಎಂದು ಅವರು ಮರಾಠಿಯಲ್ಲಿ ಕೇಳಿದಾಗ ಅಪ್ಪ, "ದಸರ್‍ಯಾಪಾಸೂನ" ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ ಮಾತು ಇದು: "ನನ್ನ ಕುಂಕುಮಕ್ಕ ಸುಮ್ಮನ ಬೈದ್ರಿ." ಅಪ್ಪ ನಕ್ಕರು. ನಾನೂ ನಕ್ಕೆ. ಆ ಕಾರಿಡಾರಿನಲ್ಲಿ ನಕ್ಕವರು ನಾವಿಬ್ಬರೇ ಇರಬೇಕು.

ಹಾರಿಸುವುದನ್ನು ಬಿಟ್ಟೇಬಿಡುತ್ತಾರೆ ಎಂದುಕೊಂಡಿದ್ದೆ. ಒಂದು ಸಂಜೆ ಅವರೇ ಕೇಳಿದರು. "ನಿಮ್ಮ ಆಫೀಸಿನಾಗ ನಡಕ ಎಲ್ಲಿಂದ ಬರತದ ಅಂತ ಗೊತ್ತಾತು. ಅದನ್ನ ತಗೀಲಿಕ್ಕ ಆಗೂದಿಲ್ಲ ಅಂದ್ರ ಏನ ಮಾಡತೀರಿ?"

ಅದು ಮುಂದಕ್ಕೆ ಹೋಗದ ಹಾಗೆ ನಡುವೆ ತಡೆಯುತ್ತೇವೆ ಎಂದೆ. ಡ್ರೋನಿನಲ್ಲಿ ಇದಕ್ಕೊಂದು ಉಪಾಯ ಇದೆ. ರಿಮೋಟಿನ ಕಡ್ಡಿ ನಡುವಿನಿಂದ ಆಚೀಚೆ ಇಷ್ಟರೊಳಗೆ ಅಲ್ಲಾಡಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬೋರ್ಡಿಗೆ ಹೇಳಿಡಬಹುದು.

"ಅಂದ್ರ ಅದರ ಕಿವಿ ಮಂದ ಮಾಡೂದು."

"ಹೂಂ ಅಪ್ಪಾ."

"ಮಾಡು."

ಸ್ವಲ್ಪ ಮಂದ ಮಾಡಿದೆ. ಅಪ್ಪನ ಕೈಯಲ್ಲಿ ಡ್ರೋನ್ ಮತ್ತೆ ನಿಂತಿತು. ಆ ಭಾನುವಾರ ಬಸ್ಸಿನಲ್ಲಿ ಅವರು ಪಕ್ಕದವರು ಕೇಳದಿದ್ದರೂ ತಾವಾಗಿಯೇ "ಪಂಖಾ ಆಹೇ" ಎಂದು ಹೇಳಿದರು. ಬೇಸಿಗೆಯಲ್ಲಿ ಇನ್ನಷ್ಟು ಮಂದ ಮಾಡಬೇಕಾಯಿತು. ಮಳೆಗಾಲ ಮುಗಿಯುವಾಗ ಮತ್ತೆ. ಪ್ರತಿ ಸಲವೂ ಅವರ ನಡುಕದ ಜೊತೆಗೆ ಅವರ ಸಣ್ಣ ಸಣ್ಣ ಇಷ್ಟಗಳೂ ಅದರ ಕಿವಿಗೆ ಬೀಳದಾದವು. ಸ್ವಲ್ಪ ಎಡಕ್ಕೆ ಬಾ ಎಂದರೆ ಬರುತ್ತಿರಲಿಲ್ಲ. ಜೋರಾಗಿ ಒತ್ತಿದರೆ ಒಮ್ಮೆಲೇ ಹಾರಿ ಬರುತ್ತಿತ್ತು. "ನಿಮ್ಮವ್ವನಂಗ ಆಗೇದ ಇದು," ಎನ್ನುತ್ತಿದ್ದರು. ಹಾಗೆ ಒಮ್ಮೆ ಜೋರಾಗಿ ಒತ್ತಿದಾಗ ಅದು ಬದುವಿನ ಜಾಲಿಗಿಡಕ್ಕೆ ಹೋಗಿ ಬಡಿಯಿತು. ದೊಡ್ಡದೇನೂ ಆಗಲಿಲ್ಲ, ಒಂದು ಪ್ರೊಪೆಲರಿನ ತುದಿ ಮುಕ್ಕಾಯಿತು. ಅಪ್ಪ ಗಿಡದ ತನಕ ನಡೆದು ಹೋಗಿ, ಮುಳ್ಳಿನಿಂದ ಅದನ್ನು ಬಿಡಿಸಿ ತಂದು ನನ್ನ ಕೈಗಿತ್ತರು. ರಿಮೋಟನ್ನೂ ಇತ್ತರು.

"ಇನ್ನ ಸಾಕು," ಎಂದರು.

ಅಂದಿನಿಂದ ಡಬ್ಬ ಕಪಾಟಿನ ಮೇಲೆ ಹೋಯಿತು. ಮುಕ್ಕಾದ ಪ್ರೊಪೆಲರನ್ನೂ ಅದರಲ್ಲೇ ಹಾಕಿಟ್ಟಿದ್ದೆ. ಅಪ್ಪ ಮತ್ತೆ ಬಾಲ್ಕನಿಗೆ ಹೋಗಿ ನಿಂತರು. ಎದುರಿನ ಕಟ್ಟಡದವರ ಏಸಿಯ ಬಗ್ಗೆ ಈಗ ಏನನ್ನೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅವ್ವ ಮತ್ತು ನಾನು ಒಳ್ಳೆಯ ಮಾತುಗಳನ್ನು ಆಡಲು ಶುರುಮಾಡಿದ್ದೆವು. ಈಗ ಕಡಿಮೆ ಆಗಿದೆ ಅಲ್ಲವೇ ಎನ್ನುವುದು, ನಿನ್ನೆಗಿಂತ ಇವತ್ತು ಎಷ್ಟೋ ವಾಸಿ ಎನ್ನುವುದು. ಅನ್ನ ತಟ್ಟೆಯಿಂದ ಬಾಯಿಗೆ ಹೋಗುವಾಗ ಬಿದ್ದದ್ದನ್ನು ನೋಡದ ಹಾಗೆ ಇರುವುದು. ಚಾಪೆಯ ಮೇಲೆ ಮಲಗಿ ಕೂದಲೆಳೆಯಷ್ಟು ಓಲಾಟವನ್ನೂ ಬಿಡದ ಅವ್ವನೂ ಈಗ ಎಲ್ಲಕ್ಕೂ "ಛಲೋ ಅದರಿ" ಎನ್ನುತ್ತಿದ್ದಳು. ಅಪ್ಪ ಅದನ್ನು ಕೇಳಿ ಸುಮ್ಮನಿರುತ್ತಿದ್ದರು. ಅವರು ಸುಮ್ಮನಾದಷ್ಟೂ ನಾವು ಹೆಚ್ಚು ಹೇಳುತ್ತಿದ್ದೆವು.

ಮತ್ತೆ ದಸರೆ ಬಂತು. ಅವ್ವ ಮಣೆ ಹಾಕಿ ಚಾಕು, ಕತ್ತರಿ ಜೋಡಿಸಿದಳು. ಅಪ್ಪ ತಾವಾಗಿಯೇ ಡಬ್ಬ ಇಳಿಸಿಕೊಡಲು ಹೇಳಿದರು. ಡ್ರೋನನ್ನೂ ಡಬ್ಬದಲ್ಲಿದ್ದ ಪ್ರೊಪೆಲರುಗಳನ್ನೂ ಮಣೆಯ ಮೇಲೆ ಇಟ್ಟರು. ಅವ್ವ ಕುಂಕುಮದ ಬಟ್ಟಲು ಹಿಡಿದು ಅನುಮಾನಿಸಿದಳು.

"ಹಚ್ಚಲ್ಯೋ ಬ್ಯಾಡೋ?"

"ಹಚ್ಚು. ಪಾಪ, ಅದರದೇನ ತಪ್ಪು."

ಅವ್ವ ಮೋಟಾರುಗಳನ್ನು ಮುಟ್ಟಲಿಲ್ಲ. ಪ್ರತಿ ಪ್ರೊಪೆಲರಿನ ಒಂದು ರೆಕ್ಕೆಗೆ, ಬೆರಳ ತುದಿಯಿಂದ, ಎಳ್ಳಿನಷ್ಟು ಹಚ್ಚಿದಳು.

"ಶಿರೂರಿಗೆ ಹೋಗೂಣು," ಎಂದರು ಅಪ್ಪ. "ಇವತ್ತ ರಿಪೇರಿ ನಂದು. ಬಟನ್ ನೀ ಒತ್ತಬೇಕು."

ಹೊಲದಲ್ಲಿ ಅವರು ಪಂಚೆ ಹಾಸಿ ಕೂತರು. ಜಾಲಿಗಿಡಕ್ಕೆ ಬಡಿದ ತೋಳಿನ ಮೇಲೆ ಪ್ರೊಪೆಲರ್ ಕೂರಿಸಬೇಕಿತ್ತು. ಡಬ್ಬದಿಂದ ಅವರ ಕೈ ಎತ್ತಿಕೊಂಡದ್ದು ಮುಕ್ಕಾದದ್ದನ್ನೇ. ನಾನು ನೋಡಿದೆ. ಹೇಳಲಿಲ್ಲ. ಅದನ್ನು ಮೋಟಾರಿನ ಮೊಳೆಗೆ ಪೋಣಿಸುವುದೇ ಒಂದು ದೊಡ್ಡ ಕೆಲಸವಾಯಿತು. ತೂತು ಹತ್ತಿರ ಬಂದಾಗ ಕೈ ಬೇರೆ ಕಡೆ ಹೋಗುತ್ತಿತ್ತು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡರು. ನಟ್ಟು ಎರಡು ಸಲ ಪಂಚೆಯ ಮೇಲೆ ಬಿತ್ತು. ನಾನು ಮುಂದೆ ಬಾಗಿದರೆ, "ಹಿಡೀಬ್ಯಾಡ" ಎಂದರು. ಇಷ್ಟು ಕಷ್ಟಪಟ್ಟು ಕೂರಿಸಿದ್ದನ್ನು ತೆಗೆಸುವ ಧೈರ್ಯ ನನಗಿರಲಿಲ್ಲ. ಅವರು ಎದ್ದು ಹಿಂದೆ ಸರಿದು, "ಹಾರಸು" ಎಂದರು.

ಹಾರಿಸಿದೆ. ಎದ್ದ ಕೂಡಲೇ ಗೊತ್ತಾಯಿತು. ಒಂದು ಕಡೆಯಿಂದ ಒರಟಾದ ಗುಂಯ್ ಶಬ್ದ, ಕಡ್ಡಿ ಹಿಡಿದ ನನ್ನ ಬೆರಳಲ್ಲಿ ಇಲ್ಲದ ನಡುಕ ಡ್ರೋನಿನ ಮೈಯಲ್ಲಿ. ಇಳಿಸಿ ಸರಿಮಾಡಬೇಕಾದದ್ದು.

"ಛಲೋ ಅದ ಅಪ್ಪಾ," ಎಂದೆ. "ಭಾಳ ಛಲೋ ಕೂಡ್ಸೀರಿ."

ಅಪ್ಪ ಡ್ರೋನನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು.

"ಬಲಕ, ಮುಂದಿನ ಮೋಟಾರು," ಎಂದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು. "ನೋಡಿ ಹೇಳಿದಿಯೋ, ನನಗಾಗಿ ಹೇಳಿದಿಯೋ?"

ಹೊಲದಲ್ಲಿ ಚಹಾ ಮಾಡಲು ಹೋಗುವುದು ಸಾಧ್ಯವಿರಲಿಲ್ಲ.

"ನಿಮ್ಮವ್ವ ಹಂಗ ಹೇಳತಾಳ," ಎಂದರು. ಸಿಟ್ಟು ಇರಲಿಲ್ಲ, ದಣಿವು ಇತ್ತು. "ಡಾಕ್ಟರೂ ಹಂಗ ಹೇಳತಾರ. ನೀನೂ ಹಂಗ ಅಂದ್ರ ನನಗ ಹೆಂಗ ಗೊತ್ತಾಗಬೇಕು, ತಂಗಿ? ನನ್ನ ಕೈ ನನಗ ಸುಳ್ಳ ಹೇಳತದ. ಇನ್ನ ಯಾರನ್ನ ಕೇಳಲಿ?"

ಇಳಿಸಿದೆ. ಮೋಟಾರುಗಳು ನಿಂತ ಮೇಲೆ ಅಪ್ಪ ನಟ್ಟು ಬಿಚ್ಚಿ ಪ್ರೊಪೆಲರನ್ನು ತೆಗೆದು, ತುದಿಯ ಮೇಲೆ ಹೆಬ್ಬೆರಳು ಆಡಿಸಿ, ಮುಕ್ಕನ್ನು ಮುಟ್ಟಿ ನೋಡಿದರು. "ಇದನ್ನ ಒಗದ ಬಿಡು" ಎಂದು ನನಗೆ ಕೊಟ್ಟರು. ನಾನು ಕೈಚೀಲದಲ್ಲಿದ್ದ ಪುಸ್ತಕದ ನಡುವೆ ಇಟ್ಟೆ.

ಇನ್ನೊಂದನ್ನು ಎತ್ತಿಕೊಂಡು, ನಟ್ಟು ಬಿಗಿಯುವ ಪಾನಾ ಹಿಡಿದು ಕೂರಿಸತೊಡಗಿದರು. ನಾನು ರಿಮೋಟ್ ಹಿಡಿದು ದೂರ ಹೋಗಿ ನಿಂತೆ. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಪಾನಾ ನಟ್ಟನ್ನು ಹಿಡಿಯುವ ಮೊದಲು ಅದರ ಸುತ್ತ ಟಕಟಕ ಎಂದು ಬಡಿಯುವುದು, ಜಾರುವುದು, ಮತ್ತೆ ಬಡಿಯುವುದು ಕೇಳುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ವಾಪಸ್ಸು ಹೋಗುವ ಬಸ್ಸು ತಪ್ಪುತ್ತದೆ ಎಂದು ತಿಳಿದಿತ್ತು. ಮುಂದಿನ ದಸರೆಗೆ ಈ ಟಕಟಕವೂ ಇರುತ್ತದೆಯೋ ಇಲ್ಲವೋ ಎಂಬುದು ತಿಳಿದಿರಲಿಲ್ಲ.

"ಆತು," ಎಂದರು ಅಪ್ಪ, ಮಂಡಿ ಹಿಡಿದು ಏಳುತ್ತ. "ಹಾರಸು."

ಹಾರಿಸಿದೆ. ಎದೆಯೆತ್ತರಕ್ಕೆ ಬಂದು ನಿಂತಿತು. ಆ ಒರಟು ಹೋಗಿತ್ತು. ಆದರೆ ಕೇಳಿದರೆ, ಅದೇ ಬಲಗಡೆಯಿಂದ, ನಟ್ಟು ಪೂರ್ತಿ ಬಿಗಿಯಾಗದ ಒಂದು ಸಣ್ಣ ಗುಂಯ್ ಇತ್ತು.

ಅಪ್ಪ ನನ್ನ ಮುಖ ನೋಡುತ್ತ ನಿಂತಿದ್ದರು.

"ಇನ್ನೂ ಅದ ಅಪ್ಪಾ," ಎಂದೆ.

ಅವರು ತಲೆಯಾಡಿಸಿ ಮತ್ತೆ ಪಂಚೆಯ ಮೇಲೆ ಕೂತರು, ಪಾನಾ ಎತ್ತಿಕೊಂಡರು.